ಗೇಟು, ಸಿಗ್ನಲ್, ಗಡಿ: ದಾವಣಗೆರೆ–ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರಲ್ಲಿ ರೈಲಿನ ಮಾತೆತ್ತಿದರೆ ಮೊದಲು ಗೇಟು, ಆಮೇಲೆ ಲೇಟು. ಅಶೋಕ ಟಾಕೀಸ್ ಹತ್ತಿರದ ಗೇಟಿನಲ್ಲಿ ಬಿಸಿಲಿಗೆ ನಿಂತು ರೈಲ್ವೆಯವರನ್ನು ಬೈದುಕೊಳ್ಳದ ದಾವಣಗೆರೆಯವರು ಕಡಿಮೆ. 2023ರಲ್ಲಿ ಒಡಿಶಾದ ಬಹನಗಾ ಬಜಾರ್ ಅಪಘಾತವಾದ ಮೇಲೆ ಪ್ರಶ್ನೆಗಳ ಧಾಟಿ ಬದಲಾಯಿತು. ಢಿಕ್ಕಿ ತಪ್ಪಿಸಲು ಗಾಡಿಗೆ ತಾನಾಗಿ ಬ್ರೇಕ್ ಹಾಕುವ ಕವಚ ಅಂದರೇನು, ಅದು ಇದ್ದಿದ್ದರೆ ಜನ ಉಳಿಯುತ್ತಿದ್ದರಾ, ಯುರೋಪಿನಲ್ಲಿ ಒಂದೇ ಗಾಡಿ ಮೂರ್ನಾಲ್ಕು ದೇಶ ದಾಟುತ್ತದಲ್ಲ, ಅಲ್ಲಿ ಸಿಗ್ನಲ್ ಯಾರದು? ಇಂಥವಕ್ಕೆಲ್ಲ ಇಲ್ಲಿ ಉತ್ತರವಿದೆ. ಬಿಡಿಬಿಡಿಯಾಗಿ ಓದಿದರೂ ನಡೆಯುತ್ತದೆ. ಆದರೆ ನನ್ನ ತಲೆಯಲ್ಲಿರುವುದು ಒಂದೇ ಮಾತು: ಗಾಡಿಯ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗವೇ ಅಪಾಯದ ಜಾಗ. ಸಿಗ್ನಲ್ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ದಾಟುವಿಕೆಯನ್ನು ಭದ್ರ ಮಾಡುವ ಕೆಲಸ.

ಗಾಡಿ ಕಣ್ಣಿಗೇ ಕಾಣುವುದಿಲ್ಲ, ಅಷ್ಟರಲ್ಲೇ ಗೇಟ್ ಯಾಕೆ ಹಾಕುತ್ತಾರೆ?

ಗೇಟ್ ನೋಡಿ ಗಾಡಿ ನಿಲ್ಲಿಸಲು ಆಗುವುದಿಲ್ಲ, ಅದಕ್ಕೆ. ಗಂಟೆಗೆ 110 ಕಿ.ಮೀ. ವೇಗದ ಎಕ್ಸ್‌ಪ್ರೆಸ್ ಒಂದು ಸೆಕೆಂಡಿಗೆ ಸುಮಾರು 30 ಮೀಟರ್ ಸಾಗುತ್ತದೆ. ಬ್ರೇಕ್ ಹಾಕಿದ ಮೇಲೂ ಅದು ನಿಲ್ಲುವುದಕ್ಕೆ ಒಂದು ಕಿಲೋಮೀಟರಿನ ಆಸುಪಾಸು ಹಳಿ ಬೇಕಾಗಬಹುದು. ಹಾಗಾಗಿ ಲೋಕೋ ಪೈಲಟ್‌ಗೆ ಗೇಟಿನ ಸಿಗ್ನಲ್‌ಗಿಂತ ಬಹಳ ಹಿಂದೆಯೇ, ಡಿಸ್ಟೆಂಟ್ ಸಿಗ್ನಲ್‌ನಲ್ಲೇ, ಮುಂದೆ ದಾರಿ ಇದೆ ಎಂದು ಗೊತ್ತಾಗಬೇಕು. ಇಂಟರ್‌ಲಾಕ್ ಆದ, ಅಂದರೆ ಸಿಗ್ನಲ್ ಜೊತೆ ಕೊಂಡಿ ಹಾಕಿದ ಗೇಟಿನಲ್ಲಿ ಗೇಟ್ ಬಿದ್ದು ಬೀಗ ಕೂತ ಹೊರತು ಆ ಸಿಗ್ನಲ್ ಹಸಿರಾಗುವುದಿಲ್ಲ. ಹಸಿರಾದ ಮೇಲೆ ಗೇಟ್‌ಮನ್ ಮನಸ್ಸು ಮಾಡಿದರೂ ಗೇಟ್ ಮೇಲೇಳುವುದಿಲ್ಲ. ‘ಎರಡೇ ನಿಮಿಷ ಬಿಡಣ್ಣ, ಆಸ್ಪತ್ರೆಗೆ ಹೋಗಬೇಕು’ ಎಂದು ಕೇಳಿದವರಿಗೆ ಅವನು ಕೈಯಾಡಿಸುವುದು ದರ್ಪದಿಂದಲ್ಲ. ಕೀಲಿ ಅವನ ಕೈಯಲ್ಲೇ ಇರುವುದಿಲ್ಲ.

ತೋಳಹುಣಸೆ ಬಿಟ್ಟ ಗಾಡಿ ದಾವಣಗೆರೆ ತಲುಪುವ ಮೊದಲೇ ಹಿಂದೆ ಇನ್ನೊಂದು ಗಾಡಿ ಬಿಡುತ್ತಾರಾ?

ಅಬ್ಸಲ್ಯೂಟ್ ಬ್ಲಾಕ್ ಪದ್ಧತಿಯಲ್ಲಿ ಬಿಡುವುದಿಲ್ಲ. ಎರಡು ಸ್ಟೇಷನ್ ನಡುವಿನ ಒಂದು ಹಳಿಯ ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಹಿಂದಿನ ಸ್ಟೇಷನ್ ಮಾಸ್ಟರ್ ‘ಲೈನ್ ಕ್ಲಿಯರ್’ ಕೇಳಬೇಕು, ಮುಂದಿನವರು ಕೊಡಬೇಕು. ಇದು ಬ್ಯಾಂಕ್ ಲಾಕರಿನ ಎರಡು ಕೀಲಿ ಇದ್ದ ಹಾಗೆ, ಒಬ್ಬರಿಂದ ತೆರೆಯುವುದಿಲ್ಲ. ಬಣ್ಣದ ದೀಪದ ಬಹು ಸೂಚನೆಯ ಸಿಗ್ನಲ್ ಇರುವ ಕಡೆ ಲೈನ್ ಕ್ಲಿಯರ್ ಕೊಡುವ ಮುನ್ನ ಮೊದಲ ನಿಲುಗಡೆ ಸಿಗ್ನಲ್ ದಾಟಿ ಇನ್ನೂ 180 ಮೀಟರ್ ಹಳಿ ಖಾಲಿ ಇರಬೇಕೆಂಬ ನಿಯಮವಿದೆ. ಬ್ರೇಕ್ ಸ್ವಲ್ಪ ಜಾರಿದರೂ ಢಿಕ್ಕಿಯಾಗಬಾರದು ಎಂಬ ಲೆಕ್ಕ ಅದು.

ಗಾಡಿ ಪೂರ್ತಿ ಬಂತು ಎಂದು ಗೊತ್ತಾಗುವುದು ಹೇಗೆ? ಹಿಂದೆಲ್ಲ ಕೊನೆಯ ಬೋಗಿಯ ಕೆಂಪು ದೀಪ ಅಥವಾ ‘ಎಲ್‌ವಿ’ ಫಲಕ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು, ಈಗಲೂ ನೋಡುತ್ತಾರೆ. ಅದರ ಜೊತೆಗೆ ಈಗ ಆಕ್ಸಲ್ ಕೌಂಟರ್ ಇದೆ. ಚಕ್ರದ ಅಚ್ಚುಗಳನ್ನು ಎಣಿಸಲು ಹಳಿಗೆ ಬೋಲ್ಟ್ ಹಾಕಿ ಕೂರಿಸಿದ ಸಣ್ಣ ಪೆಟ್ಟಿಗೆ. ಹಳಿಯ ಒಂದು ಮಗ್ಗುಲಿಗೆ ಅಲೆ ಕಳಿಸುವ ಕಾಯಿಲ್, ಇನ್ನೊಂದು ಮಗ್ಗುಲಿಗೆ ಹಿಡಿಯುವ ಕಾಯಿಲ್. ಚಕ್ರ ಹಾದಾಗ ನಡುವಿನ ಕಾಂತಕ್ಷೇತ್ರ ಕದಡುತ್ತದೆ, ಪೆಟ್ಟಿಗೆ ‘ಒಂದು’ ಎಂದು ಎಣಿಸುತ್ತದೆ. ಇಂಥ ಎರಡು ಜೋಡಿ ಅಕ್ಕಪಕ್ಕ ಇರುತ್ತವೆ. ಯಾವುದು ಮೊದಲು ಕದಡಿತು ಎಂಬುದರಿಂದ ದಿಕ್ಕು ಗೊತ್ತಾಗುತ್ತದೆ. ಆರು ಅಚ್ಚಿನ ಎಂಜಿನ್, ನಾಲ್ಕು ಅಚ್ಚಿನ 20 ಬೋಗಿ ಎಂದಿಟ್ಟುಕೊಳ್ಳಿ: ಒಳಗೆ ಹೋಗಿದ್ದು 86 ಅಚ್ಚು. ಆಚೆ ಬದಿಯಲ್ಲಿ 82 ಮಾತ್ರ ಹೊರಬಂದರೆ ಒಂದು ಬೋಗಿ ನಡುದಾರಿಯಲ್ಲಿ ಕಳಚಿ ನಿಂತಿದೆ ಎಂದರ್ಥ. ಮುಂದಿನ ಗಾಡಿಗೆ ಲೈನ್ ಕ್ಲಿಯರ್ ಸಿಗುವುದಿಲ್ಲ.

ಮಳೆ ಬಂದರೆ ಸಿಗ್ನಲ್ ಕೆಡುತ್ತದಲ್ಲ, ಆಗ ಅಪಾಯ ಹೆಚ್ಚಲ್ಲವೇ?

ಸಾಮಾನ್ಯವಾಗಿ ತಡ ಹೆಚ್ಚು, ಅಪಾಯ ಅಲ್ಲ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಇವತ್ತಿಗೂ ಅದೇ ತತ್ವದ ಮೇಲೆ ನಡೆಯುತ್ತಿದೆ. ಎರಡು ಹಳಿಗಳಲ್ಲಿ ಸಣ್ಣ ಕರೆಂಟ್ ಹರಿದು ಆ ತುದಿಯ ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್ಚನ್ನು) ಎತ್ತಿ ಹಿಡಿದಿರುತ್ತದೆ. ಗಾಡಿ ಬಂದಾಗ ಚಕ್ರ, ಅಚ್ಚು ಸೇರಿ ಕರೆಂಟನ್ನು ಅಡ್ಡದಾರಿಗೆ ಎಳೆಯುತ್ತವೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಜಲ್ಲಿಯಲ್ಲಿ ನೀರು ನಿಂತು ಕರೆಂಟ್ ಸೋರಿದರೂ, ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ. ಅಂದರೆ ಕೆಟ್ಟರೆ ಕೆಂಪಿಗೇ ಕೆಡಬೇಕು, ಹಸಿರಿಗೆ ಕೆಡಬಾರದು.

ಹೆದರಬೇಕಾದ್ದು ಇದರ ಉಲ್ಟಾ: ಹಳಿಯ ಮೇಲೆ ತುಕ್ಕೋ ಮರಳೋ ಕೂತು ಚಕ್ರಕ್ಕೂ ಹಳಿಗೂ ಸರಿಯಾದ ಸಂಪರ್ಕ ಸಿಗದೆ, ಗಾಡಿ ನಿಂತಿದ್ದರೂ ಹಳಿ ಖಾಲಿ ಎಂದು ತೋರುವುದು. ಅಪರೂಪಕ್ಕೆ ಗಾಡಿ ಓಡುವ ಹಳಿಗಳಲ್ಲಿ ಇದನ್ನೇ ಹೆಚ್ಚು ಗಮನಿಸುತ್ತಾರೆ.

ಸಿಗ್ನಲ್ ಕೆಟ್ಟಾಗ ಚೀಟಿ ಬರೆದುಕೊಟ್ಟು ಗಾಡಿ ಬಿಡುತ್ತಾರಂತೆ, ಹೌದಾ?

ಹೌದು, ನಿಯಮದಲ್ಲೇ ಇದೆ. ಯಂತ್ರ ಹೊತ್ತಿದ್ದ ಹೊಣೆ ಆ ಕ್ಷಣಕ್ಕೆ ಮನುಷ್ಯರ ಕೈಗೆ, ಒಂದು ಕಾಗದಕ್ಕೆ ಬರುತ್ತದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ತೆಳುವಾದ ಜಾಗ ಇದೇ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಪಾನಿ ಹತ್ತಿರ ನಿಂತಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ಗುದ್ದಿತಲ್ಲ, ಅಂದು ಬೆಳಗಿನಿಂದ ಅಲ್ಲಿ ಸ್ವಯಂಚಾಲಿತ ಸಿಗ್ನಲ್ ಕೆಟ್ಟಿತ್ತು, ಗಾಡಿಗಳು ಚೀಟಿಯ ಮೇಲೆ ಓಡುತ್ತಿದ್ದವು. ಆ ಸಂದರ್ಭಕ್ಕೆ ತಕ್ಕ ಚೀಟಿ ಅದಲ್ಲ, ಎಷ್ಟು ವೇಗದಲ್ಲಿ ಹೋಗಬೇಕೆಂಬುದೂ ಅದರಲ್ಲಿರಲಿಲ್ಲ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಎತ್ತಿ ತೋರಿಸಿತು.

ಇಂಟರ್‌ಲಾಕಿಂಗ್ ಅಂದರೆ ಸರಳವಾಗಿ ಏನು?

ಹಳಿ ಕವಲೊಡೆಯುವ ಕಡೆ ಗಾಡಿಯ ದಾರಿ ಬದಲಿಸುವ ಪಾಯಿಂಟ್ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ತಿರುಗಿದ್ದರೆ ಮೇನ್ ಲೈನಿನ ಹಸಿರು ಬರಬಾರದು, ಅಷ್ಟೇ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅದು ಲಿವರ್‌ಗಳ, ಕಬ್ಬಿಣದ ಸರಳುಗಳ ಕೆಲಸ. ಒಂದು ಲಿವರ್ ಎಳೆದರೆ ಅದಕ್ಕೆ ವಿರುದ್ಧವಾದದ್ದು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ರಿಲೇಗಳು ಬಂದವು, ಈಗ ಕಂಪ್ಯೂಟರ್. ಕೈಮರ ಹೋಗಿ ದೀಪ ಬಂದರೂ ತರ್ಕ ಬದಲಾಗಿಲ್ಲ.

ಚಿತ್ರದುರ್ಗದಿಂದ ಬಳ್ಳಾರಿಗೆ ಹೋಗುವ ಗಾಡಿ ಆಂಧ್ರ ಹೊಕ್ಕು ಬರುತ್ತದೆ. ಗಡಿಯಲ್ಲಿ ಸಿಗ್ನಲ್ ಬದಲಾಗುತ್ತದಾ?

ಇಲ್ಲ. ಚಿಕ್ಕಜಾಜೂರು–ಚಿತ್ರದುರ್ಗ–ಬಳ್ಳಾರಿ ಹಳಿ ನಡುವೆ ರಾಯದುರ್ಗದಲ್ಲಿ ಅನಂತಪುರ ಜಿಲ್ಲೆಯನ್ನು ಮುಟ್ಟಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಹೊರಗೆ ಅಂಗಡಿ ಬೋರ್ಡು ತೆಲುಗಿಗೆ ತಿರುಗಿದರೂ ಎಂಜಿನ್ನಿನಲ್ಲಿ ಕೂತವರಿಗೆ ಗಡಿಯ ಸುಳಿವೇ ಇರುವುದಿಲ್ಲ. ಅವರ ಮಟ್ಟಿಗೆ ಗಡಿ ಎಂದರೆ ರೈಲ್ವೆ ವಿಭಾಗದ ಗಡಿ: ಚಿತ್ರದುರ್ಗ ಮೈಸೂರು ವಿಭಾಗ, ಬಳ್ಳಾರಿ ಹುಬ್ಬಳ್ಳಿ ವಿಭಾಗ. ಅಲ್ಲಿ ಕಂಟ್ರೋಲರ್ ಬದಲಾಗುತ್ತಾರೆ, ಗಾಡಿಯ ಲೆಕ್ಕ ಒಂದು ಕಂಟ್ರೋಲ್ ಆಫೀಸಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕೆಂಪು, ಹಳದಿ, ಜೋಡಿ ಹಳದಿ, ಹಸಿರು ಮಾತ್ರ ಎರಡೂ ಕಡೆ ಒಂದೇ, ನಿಯಮದ ಪುಸ್ತಕವೂ ಒಂದೇ. ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಯುರೋಪಿನ ಪಾಡು ನೋಡಿದರೆ ಗೊತ್ತಾಗುತ್ತದೆ.

ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಜೋಡಿ ಹಳಿಗೆ ಕೇಂದ್ರ ಸಂಪುಟ ಸಮಿತಿ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಒಂಟಿ ಹಳಿಯಲ್ಲಿ ಕ್ರಾಸಿಂಗ್‌ಗೆಂದು ಕಾಯುವ ಅದಿರಿನ ಗಾಡಿಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಯುರೋಪಿನ ಪಾಡೇನು?

ಅಲ್ಲಿ ಪ್ರತಿ ದೇಶವೂ ತನ್ನ ರೈಲನ್ನು ತನ್ನ ರೀತಿಯಲ್ಲೇ ಬೆಳೆಸಿಕೊಂಡಿತು. ಗಾಡಿಯ ವೇಗದ ಮೇಲೆ ಕಣ್ಣಿಟ್ಟು ಬ್ರೇಕ್ ಹಾಕುವ ವ್ಯವಸ್ಥೆಗಳೇ ಇಪ್ಪತ್ತಕ್ಕಿಂತ ಹೆಚ್ಚು. ಜರ್ಮನಿಯಲ್ಲಿ ಪಿಜೆಡ್‌ಬಿ ಮತ್ತು ಎಲ್‌ಜೆಡ್‌ಬಿ, ಫ್ರಾನ್ಸಿನಲ್ಲಿ ಕೆವಿಬಿ ಮತ್ತು ಹೈಸ್ಪೀಡ್ ಹಳಿಗೆ ಟಿವಿಎಂ, ನೆದರ್ಲೆಂಡ್ಸಿನಲ್ಲಿ ಎಟಿಬಿ, ಇಟಲಿಯಲ್ಲಿ ಎಸ್‌ಸಿಎಂಟಿ. ಒಂದರ ಸಂದೇಶ ಇನ್ನೊಂದಕ್ಕೆ ತಿಳಿಯದು. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್ ನಡುವೆ ಓಡುತ್ತಿದ್ದ ಥಾಲಿಸ್ ಗಾಡಿಗಳಲ್ಲಿ ಏಳು ಬಗೆಯ ವ್ಯವಸ್ಥೆ ತುಂಬಿದ್ದರು. ಒಂದೊಂದಕ್ಕೂ ಬೇರೆ ಆಂಟೆನಾ, ಬೇರೆ ಪೆಟ್ಟಿಗೆ, ಚಾಲಕರಿಗೆ ಬೇರೆ ತರಬೇತಿ.

ವಿದ್ಯುತ್ತೂ ಒಂದೇ ಅಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್ನನ್ನು ಜೋಡಿಸುವ, 2000ದಲ್ಲಿ ತೆರೆದ ಊರೆಸುಂಡ್ ಸೇತುವೆಯ ದಾರಿಯನ್ನೇ ನೋಡಿ. ಡೆನ್ಮಾರ್ಕಿನಲ್ಲಿ 25 ಸಾವಿರ ವೋಲ್ಟ್, ಸ್ವೀಡನ್ನಿನಲ್ಲಿ 15 ಸಾವಿರ. ಡೆನ್ಮಾರ್ಕಿನಲ್ಲಿ ಗಾಡಿ ಬಲಗಡೆಯ ಹಳಿಯಲ್ಲಿ, ಸ್ವೀಡನ್ನಿನಲ್ಲಿ ಎಡಗಡೆ. ಸಿಗ್ನಲ್ ವ್ಯವಸ್ಥೆಯೂ ಬೇರೆ. ಕೆಲಸಕ್ಕೆ ದಿನಾ ಹೋಗಿಬರುವವರ ಗಾಡಿಯೊಳಗೆ ಇಷ್ಟೆಲ್ಲ ಎರಡೆರಡು ಇರಬೇಕು.

ಅದಕ್ಕೆ ಅವರು ಕಂಡುಕೊಂಡ ಪರಿಹಾರ?

ಎಲ್ಲರಿಗೂ ಒಂದೇ ವ್ಯವಸ್ಥೆ. ಗಾಡಿಯನ್ನು ನಿಯಂತ್ರಿಸುವ ಭಾಗ ಇಟಿಸಿಎಸ್, ಮಾತು ಸಾಗಿಸುವ ರೇಡಿಯೋ ಜಿಎಸ್‌ಎಂ-ಆರ್, ಎರಡೂ ಸೇರಿ ಇಆರ್‌ಟಿಎಂಎಸ್. ಇದರ ತಾಂತ್ರಿಕ ನಿಯಮಗಳನ್ನು ನೋಡಿಕೊಳ್ಳುವ ಯುರೋಪಿಯನ್ ರೈಲ್ವೆ ಏಜೆನ್ಸಿ ಫ್ರಾನ್ಸಿನ ವಾಲೆನ್ಸಿಯೆನ್‌ನಲ್ಲಿದೆ.

ಹಳಿಗಳ ನಡುವೆ ಸ್ಲೀಪರ್ ಮೇಲೆ ಹಳದಿ ಬಣ್ಣದ ಚಪ್ಪಟೆ ಹಲಗೆಯಂಥದ್ದು ಕೂತಿರುತ್ತದೆ, ಅದೇ ಬ್ಯಾಲೀಸ್. ಮಾಮೂಲಿ ಬ್ಯಾಲೀಸಿಗೆ ಬ್ಯಾಟರಿಯಿಲ್ಲ, ವೈರೂ ಇಲ್ಲ. ಮೇಲೆ ಹಾಯುವ ಎಂಜಿನ್ನಿನ ಆಂಟೆನಾ 27 ಮೆಗಾಹರ್ಟ್ಸ್ ಅಲೆಯಲ್ಲಿ ಶಕ್ತಿ ಸುರಿಯುತ್ತದೆ. ಎಚ್ಚೆತ್ತ ಬ್ಯಾಲೀಸ್ 4.2 ಮೆಗಾಹರ್ಟ್ಸ್‌ನಲ್ಲಿ ತನ್ನ ಸಂದೇಶ ಹೇಳುತ್ತದೆ. ಉದ್ದದ ಸಂದೇಶ 1023 ಬಿಟ್, ಹೇಳಿ ಮುಗಿಸಲು ಎರಡು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಗಂಟೆಗೆ 300 ಕಿ.ಮೀ. ವೇಗದ ಗಾಡಿಗೂ ಒಂದು ಮೀಟರ್ ದಾಟಲು 12 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಅದೇ ಸಂದೇಶ ಹಲವು ಸಲ ಕಿವಿಗೆ ಬಿದ್ದಿರುತ್ತದೆ.

ಇಟಿಸಿಎಸ್‌ನ ಲೆವೆಲ್ 1ರಲ್ಲಿ ಅಪ್ಪಣೆಯೂ ಬ್ಯಾಲೀಸಿನಿಂದಲೇ, ಹಳಿಬದಿಯ ದೀಪಗಳೂ ಇರುತ್ತವೆ. ಲೆವೆಲ್ 2ರಲ್ಲಿ ಬ್ಯಾಲೀಸ್ ‘ನೀನು ಇಲ್ಲಿದ್ದೀಯ’ ಎಂದಷ್ಟೇ ಹೇಳುತ್ತದೆ. ‘ಇಷ್ಟು ದೂರ, ಇಷ್ಟು ವೇಗದಲ್ಲಿ ಹೋಗು’ ಎಂಬ ಅಪ್ಪಣೆ ರೇಡಿಯೋ ಬ್ಲಾಕ್ ಸೆಂಟರ್ ಎಂಬ ನಿಯಂತ್ರಣ ಕೇಂದ್ರದಿಂದ ರೇಡಿಯೋದಲ್ಲಿ ಬರುತ್ತದೆ. ದೀಪಗಳನ್ನು ಕಿತ್ತುಹಾಕಿದರೂ ನಡೆಯುತ್ತದೆ. ಸ್ವಿಟ್ಜರ್ಲೆಂಡಿನ 57 ಕಿ.ಮೀ. ಉದ್ದದ ಗೊಥಾರ್ಡ್ ತಳಸುರಂಗ 2016ರಲ್ಲಿ ತೆರೆದಾಗಿನಿಂದ ಲೆವೆಲ್ 2ರಲ್ಲೇ ನಡೆಯುತ್ತಿದೆ.

ಗಡಿ ದಾಟುವ ಕ್ಷಣದಲ್ಲಿ ಒಳಗೆ ಏನಾಗುತ್ತದೆ?

ಎರಡೂ ಕಡೆ ಲೆವೆಲ್ 2 ಇದ್ದರೆ ಗಾಡಿ ಗಡಿಗೆ ಬರುವ ಮುಂಚೆಯೇ ಈ ಕಡೆಯ ಕೇಂದ್ರ ಆ ಕಡೆಯ ಕೇಂದ್ರಕ್ಕೆ ‘ಒಬ್ಬ ಬರುತ್ತಿದ್ದಾನೆ, ನಿನ್ನ ಹಳಿಯಲ್ಲಿ ಎಲ್ಲಿವರೆಗೆ ಬಿಡಲಿ?’ ಎಂದು ಕೇಳುತ್ತದೆ. ಆ ಕಡೆಯವರು ತಮ್ಮಲ್ಲಿ ಸಿದ್ಧವಾದ ದಾರಿ ತಿಳಿಸುತ್ತಾರೆ. ಈ ಕಡೆಯ ಕೇಂದ್ರ ಅದನ್ನು ತನ್ನ ಅಪ್ಪಣೆಗೆ ಸೇರಿಸಿ ಗಾಡಿಗೆ ಕೊಡುತ್ತದೆ. ಗಾಡಿ ತನ್ನ ಎರಡನೇ ರೇಡಿಯೋದಿಂದ ಮುಂದಿನ ಕೇಂದ್ರದ ಜೊತೆ ಮಾತು ಶುರು ಮಾಡುತ್ತದೆ. ಮುಂದಿನ ಕೈ ಹಿಡಿದ ಮೇಲೆಯೇ ಹಿಂದಿನ ಕೈ ಬಿಡುವುದು. ನಮ್ಮ ಇಬ್ಬರು ಸ್ಟೇಷನ್ ಮಾಸ್ಟರುಗಳ ಲೈನ್ ಕ್ಲಿಯರ್ ಇದೇ ಅಲ್ಲವೇ?

ಕಷ್ಟ ಬರುವುದು ಗಡಿಯಾಚೆ ಹಳೆಯ ರಾಷ್ಟ್ರೀಯ ವ್ಯವಸ್ಥೆ ಮಾತ್ರ ಇದ್ದಾಗ. ಮೊದಲು ಒಂದು ಬ್ಯಾಲೀಸ್ ‘ಮುಂದೆ ಬದಲಾವಣೆ ಇದೆ’ ಎನ್ನುತ್ತದೆ, ಗಡಿಯ ಬ್ಯಾಲೀಸ್ ‘ಈಗ ಬದಲಾಗು’ ಎನ್ನುತ್ತದೆ. ಚಾಲಕ ಪರದೆಯ ಮೇಲೆ ಒಪ್ಪಿಗೆ ಒತ್ತಬೇಕು. ಐದು ಸೆಕೆಂಡಿನಲ್ಲಿ ಒತ್ತದಿದ್ದರೆ ಬ್ರೇಕ್ ಬೀಳುತ್ತದೆ. ಇನ್ನು ಮುಂದೆ ಕಾಯುವವನು ನಾನಲ್ಲ, ನೀನು ಎಂದು ಯಂತ್ರ ಚಾಲಕನಿಗೆ ಹೇಳಿ, ಅವನ ಬಾಯಿಂದ ಹೂಂ ಅನ್ನಿಸಿಕೊಳ್ಳುವ ಕ್ರಮ ಅದು.

ಹೀಗೆ ಬದಲಾಗುವ ಜಾಗದಲ್ಲೇ ಅಪಘಾತ ಆದದ್ದುಂಟೇ?

ಸ್ಪೇನಿನ ಸ್ಯಾಂಟಿಯಾಗೊ, 2013ರ ಜುಲೈ 24. ಹೊಸ ವೇಗದ ಹಳಿಯಲ್ಲಿ ಇಟಿಸಿಎಸ್ ಇತ್ತು, ಆದರೆ ಅದು ತಿರುವಿಗೆ ಸುಮಾರು 4 ಕಿ.ಮೀ. ಮೊದಲೇ ಮುಗಿಯುತ್ತಿತ್ತು. ಸಾಲದ್ದಕ್ಕೆ ಆ ಮಾದರಿಯ ಗಾಡಿಗಳಲ್ಲಿ ಇಟಿಸಿಎಸ್ ಅನ್ನು ಮೊದಲೇ ಬಂದ್ ಮಾಡಿದ್ದರು. ಉಳಿದದ್ದು ಎಎಸ್‌ಎಫ್‌ಎ ಎಂಬ ಹಳೆಯ ವ್ಯವಸ್ಥೆ, ಅದಕ್ಕೆ ಆ ತಿರುವಿನ ವೇಗಮಿತಿ ಕಾಯುವ ಏರ್ಪಾಡು ಇರಲಿಲ್ಲ. ಚಾಲಕ ಗಾಡಿಯೊಳಗಿನ ಟಿಕೆಟ್ ತಪಾಸಕರ ಜೊತೆ ಫೋನಿನಲ್ಲಿದ್ದ. 80 ಕಿ.ಮೀ. ಮಿತಿಯ ತಿರುವಿಗೆ ಗಾಡಿ 179ರಲ್ಲಿ ಬಂತು. ಸುಮಾರು 80 ಜನ ಸತ್ತರು. ಆಮೇಲೆ ತಿರುವಿಗೆ ಮೊದಲು ವೇಗ ಇಳಿಸುವ ಬ್ಯಾಲೀಸುಗಳನ್ನು ಹಾಕಿದರು. ಅಷ್ಟು ಸಣ್ಣ ಕೆಲಸ!

ಗ್ರೀಸಿನ ತೆಂಪಿಯಲ್ಲಿ 2023ರ ಫೆಬ್ರವರಿ 28ರಂದು ಪ್ರಯಾಣಿಕರ ಗಾಡಿ, ಗೂಡ್ಸ್ ಒಂದೇ ಹಳಿಯಲ್ಲಿ ಎದುರುಬದುರಾಗಿ 57 ಜನ ಸತ್ತರು. ಅಲ್ಲಿ ಸಿಗ್ನಲ್ ಆಧುನೀಕರಣದ ಗುತ್ತಿಗೆಗೆ ಸಹಿ ಬಿದ್ದು ವರ್ಷಗಳೇ ಕಳೆದಿದ್ದರೂ ಕೆಲಸ ಮುಗಿದಿರಲಿಲ್ಲ.

ಹಾಗಾದರೆ ಇಟಿಸಿಎಸ್ ಬಂದ ಮೇಲೆ ಯುರೋಪ್ ಪೂರ್ತಿ ಒಂದಾಯಿತೇ?

ಕಾಗದದ ಮೇಲೆ. ಇಟಿಸಿಎಸ್‌ನಲ್ಲೇ ಬೇರೆ ಬೇರೆ ಆವೃತ್ತಿಗಳು ಬಂದವು, ದೇಶಕ್ಕೊಂದು ನಿಯಮ ಅಂಟಿಕೊಂಡಿತು. ಒಂದು ದೇಶದಲ್ಲಿ ಪಾಸಾದ ಎಂಜಿನ್ ಇನ್ನೊಂದರಲ್ಲಿ ಮತ್ತೆ ಪರೀಕ್ಷೆ ಕೊಡಬೇಕಾಯಿತು. ಲಕ್ಸೆಂಬರ್ಗ್, ಸ್ವಿಟ್ಜರ್ಲೆಂಡಿನಂಥ ಚಿಕ್ಕ ದೇಶಗಳು ಬೇಗ ಮುಗಿಸಿದವು, ದೊಡ್ಡವು ತೆವಳುತ್ತಿವೆ. ಚಾಲಕರಿಗೆ ಆ ದೇಶದ ಭಾಷೆ ಬರಬೇಕೆಂಬ ನಿಯಮ ಬೇರೆ ಇದೆ. ದೂರ ಇದ್ದು ನೋಡುವ ನಮಗೆ ಪಾಠವೇನೆಂದರೆ, ಒಂದೇ ಹೆಸರಿದ್ದ ಮಾತ್ರಕ್ಕೆ ಒಂದೇ ವ್ಯವಸ್ಥೆ ಆಗುವುದಿಲ್ಲ.

ನಮ್ಮ ದೇಶದಿಂದ ಗಡಿ ದಾಟುವ ಗಾಡಿಗಳು?

ಕೋಲ್ಕತ್ತಾ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ 2008ರಲ್ಲಿ ಗೆದೆ–ದರ್ಶನಾ ಗಡಿಯ ಮೂಲಕ ಶುರುವಾಯಿತು. 2024ರ ಜುಲೈನಿಂದ ನಿಂತಿದೆ. ಪಾಕಿಸ್ತಾನದ ಕಡೆಯ ಸಂಝೋತಾ ಎಕ್ಸ್‌ಪ್ರೆಸ್ 2019ರ ಆಗಸ್ಟ್‌ನಲ್ಲಿ ನಿಂತಿತು. ನೇಪಾಳದ ಕಡೆ ಜಯನಗರದಿಂದ ಹೋಗುವ ಹಳಿ ಬ್ರಾಡ್‌ಗೇಜಾಗಿ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಹಳಿಯ ಅಗಲ ಹೊಂದುತ್ತದೆ, ಹೊಂದದಿರುವುದು ರಾಜಕೀಯ.

ಕವಚಕ್ಕೂ ಇಟಿಸಿಎಸ್‌ಗೂ ಏನು ವ್ಯತ್ಯಾಸ?

ಉದ್ದೇಶ ಒಂದೇ, ಸಾಮಾನು ಬೇರೆ. ಕವಚವನ್ನು ರೂಪಿಸಿದ್ದು ರೈಲ್ವೆಯದೇ ಸಂಶೋಧನಾ ಸಂಸ್ಥೆ, ಲಖನೌದ ಆರ್‌ಡಿಎಸ್‌ಒ. ಬ್ಯಾಲೀಸ್ ಬದಲು ಸ್ಲೀಪರ್ ಮೇಲೆ ಅಗ್ಗದ ಆರ್‌ಎಫ್‌ಐಡಿ ಟ್ಯಾಗ್. ಸ್ಟೇಷನ್ನಿನ ಕವಚ ಯಂತ್ರ ಅಲ್ಲಿಯ ಇಂಟರ್‌ಲಾಕಿಂಗ್ ನೋಡಿಕೊಂಡು ಎಂಜಿನ್ನಿಗೆ ರೇಡಿಯೋದಲ್ಲಿ ಅಪ್ಪಣೆ ಕೊಡುತ್ತದೆ. ಲೋಕೋ ಪೈಲಟ್ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ, ಗೇಟ್ ಬಂದಾಗ ತಾನೇ ಸೀಟಿ ಊದುತ್ತದೆ. ಪ್ರಯಾಣಿಕರ ಗಾಡಿಗಳಲ್ಲಿ ಮೊದಲ ಪ್ರಯೋಗ 2016ರಲ್ಲಿ, ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ, ವಿಕಾರಾಬಾದ್–ಬೀದರ್ ಹಳಿಗಳು, ಅಂದರೆ ನಮ್ಮ ಕಲ್ಯಾಣ ಕರ್ನಾಟಕ ಅದರ ತೊಟ್ಟಿಲು. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆ ಎಂದು ಒಪ್ಪಿದರು. 2022ರ ಮಾರ್ಚ್ 4ರಂದು ರೈಲ್ವೆ ಸಚಿವರು ಕೂತಿದ್ದ ಎಂಜಿನ್ ಎದುರಿನ ಎಂಜಿನ್ನಿಗೆ 380 ಮೀಟರ್ ಇರುವಾಗ ತಾನಾಗಿ ನಿಂತಿತು. ಆವೃತ್ತಿ 4.0ಕ್ಕೆ 2024ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿದೆ.

ಇಟಿಸಿಎಸ್ ನಮಗೆ ಅಪರಿಚಿತವೇನಲ್ಲ. ದೆಹಲಿ–ಮೀರತ್ ನಮೋ ಭಾರತ್ ಗಾಡಿಗಳು ಅದರ ಮೇಲೇ ಓಡುತ್ತವೆ.

ಗಡಿಯ ಸಮಸ್ಯೆ ಇಲ್ಲೂ ಇದೆ, ಬೇರೆ ರೂಪದಲ್ಲಿ. ಕವಚದ ಯಂತ್ರ ಮಾಡುವ ಕಂಪನಿಗಳು ಹಲವು. ಒಂದು ಕಂಪನಿಯ ಎಂಜಿನ್ ಯಂತ್ರ ಇನ್ನೊಂದು ಕಂಪನಿಯ ಸ್ಟೇಷನ್ ಯಂತ್ರದ ಜೊತೆ ತಪ್ಪಿಲ್ಲದೆ ಮಾತಾಡಬೇಕು. ಕವಚ ಇರುವ ಹಳಿಯಿಂದ ಇಲ್ಲದ ಹಳಿಗೆ ಹೊರಳುವಾಗ ಲೋಕೋ ಪೈಲಟ್‌ಗೆ ಅದು ಸ್ಪಷ್ಟವಾಗಬೇಕು. ದೇಶವಿಡೀ ಹಾಕಿ ಮುಗಿಯುವವರೆಗೆ ಇಂಥ ಅಂಚುಗಳು ಬಹಳ ಇರುತ್ತವೆ. ನಾನಾದರೆ ಎಷ್ಟು ಕಿಲೋಮೀಟರ್ ಹಾಕಿದರು ಎಂಬುದಕ್ಕಿಂತ ಈ ಅಂಚುಗಳಲ್ಲಿ ಏನು ಮಾಡಿದ್ದಾರೆ ಎಂದೇ ಕೇಳುತ್ತೇನೆ.

ಕವಚ ಇದ್ದಿದ್ದರೆ ಬಹನಗಾದಲ್ಲಿ ಜನ ಉಳಿಯುತ್ತಿದ್ದರಾ?

ಬಹುಮಟ್ಟಿಗೆ ಇಲ್ಲ. 2023ರ ಜೂನ್ 2ರಂದು ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಕ್ಕಿತ್ತು, ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಲೂಪಿನಲ್ಲಿ ಗೂಡ್ಸ್ ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಗೇಟಿನ ಕಾಮಗಾರಿಗಾಗಿ ಸರ್ಕ್ಯೂಟ್ ಬದಲಿಸುವಾಗ ಆದ ವೈರಿಂಗ್ ತಪ್ಪೇ ಮೂಲ ಎಂದು ತನಿಖೆ ಹೇಳಿತು. ಇಂಟರ್‌ಲಾಕಿಂಗಿಗೇ ಸುಳ್ಳು ಮಾಹಿತಿ ಹೋದರೆ ಅದರ ಮಾತು ನಂಬಿ ನಡೆಯುವ ಕವಚಕ್ಕೂ ಸುಳ್ಳೇ ಸಿಗುತ್ತದೆ. ಕೆಲಸ ಮುಗಿಸಿದವರು ‘ಹಳಿ ನಿಮ್ಮದು’ ಎಂದು ಸ್ಟೇಷನ್ನಿಗೆ ಒಪ್ಪಿಸುವ ಮುನ್ನ ಪ್ರತಿ ಪಾಯಿಂಟ್ ತಿರುಗಿಸಿ, ಹೊರಗೆ ಹೋಗಿ ಕಣ್ಣಾರೆ ನೋಡಿ, ಪ್ಯಾನೆಲ್ ಜೊತೆ ತಾಳೆ ಹಾಕಬೇಕು. ಬೇಸರದ ಕೆಲಸ. ಅದಕ್ಕೆ ಬದಲಿ ಇಲ್ಲ.

ಎಸ್‌ಐಎಲ್-4 ಅಂದರೆ ನೂರಕ್ಕೆ ನೂರು ಸುರಕ್ಷಿತವಾ?

ಅಲ್ಲ. ಎಸ್‌ಐಎಲ್-4 ಎಂದರೆ ಇಂಥ ಯಂತ್ರಗಳಿಗೆ ಕೊಡುವ ಅತಿ ಮೇಲಿನ ಸುರಕ್ಷತಾ ದರ್ಜೆ. ಅಪಾಯದ ಕಡೆಗೆ ಕೆಡುವ ಸಂಭವ ಗಂಟೆಗೆ 10 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಎಂದು ಲೆಕ್ಕ. 10 ಕೋಟಿ ಗಂಟೆ ಎಂದರೆ 11 ಸಾವಿರ ವರ್ಷಕ್ಕೂ ಹೆಚ್ಚು. ಇದು ಯಂತ್ರದ ಮಾತು. ತಪ್ಪು ವೈರ್ ಜೋಡಿಸುವ ಕೈ ಈ ಲೆಕ್ಕದಲ್ಲಿಲ್ಲ.

ಹ್ಯಾಕ್ ಮಾಡಬಹುದಾ?

2023ರ ಆಗಸ್ಟ್‌ನಲ್ಲಿ ಪೋಲೆಂಡಿನಲ್ಲಿ ಹಳೆಯ ಅನಲಾಗ್ ರೇಡಿಯೋದ ತುರ್ತು ಸದ್ದನ್ನು ಯಾರೋ ಹೊರಗಿನಿಂದ ಕಳಿಸಿ ಸುಮಾರು 20 ಗಾಡಿ ನಿಲ್ಲಿಸಿದರು. ಆ ಸದ್ದಿಗೆ ಗುಪ್ತಲಿಪಿ ಇರಲಿಲ್ಲ. ಆದರೆ ಅದರಿಂದ ನಿಲ್ಲಿಸಲು ಮಾತ್ರ ಸಾಧ್ಯವಿತ್ತು, ಓಡಿಸಲು ಅಲ್ಲ. ಇಟಿಸಿಎಸ್ ಲೆವೆಲ್ 2ರಲ್ಲಿ ರೇಡಿಯೋ ಅಪ್ಪಣೆಗೆ ಗುಪ್ತ ಕೀಲಿಯ ಮೊಹರು ಇರುತ್ತದೆ, ಮೊಹರು ತಾಳೆಯಾಗದ ಅಪ್ಪಣೆಯನ್ನು ಗಾಡಿ ಪಾಲಿಸುವುದಿಲ್ಲ.

ಹಳಿ ಪಕ್ಕದ ಪೆಟ್ಟಿಗೆಗಳಿಂದ ನಮಗೇನಾದರೂ ತೊಂದರೆಯಾ?

ನಿಮ್ಮಿಂದ ಅವಕ್ಕೆ ತೊಂದರೆ. ಆಕ್ಸಲ್ ಕೌಂಟರ್ ಹತ್ತಿರ ಕಬ್ಬಿಣದ ತುಂಡು ಆಡಿಸಿದರೆ ಎಣಿಕೆ ತಪ್ಪುತ್ತದೆ. ಸಿಗ್ನಲ್ ಕೆಂಪಾಗಿ, ಮೇಂಟೇನರ್ ಬಂದು, ಹಳಿ ಖಾಲಿ ಇರುವುದು ಖಾತ್ರಿಯಾಗಿ, ನಿಯಮದಂತೆ ರೀಸೆಟ್ ಆಗುವವರೆಗೆ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಕೇಬಲ್ ಕದ್ದರೂ ಹಾಗೇ. ಹಳಿಯ ಮೇಲೆ ಕಲ್ಲು, ಮುರಿದ ಗೇಟು, ತೆರೆದುಬಿದ್ದ ಪೆಟ್ಟಿಗೆ ಏನೇ ಕಂಡರೂ ಹತ್ತಿರದ ಗೇಟ್‌ಮನ್‌ಗೋ ಸ್ಟೇಷನ್ ಮಾಸ್ಟರ್‌ಗೋ ಹೇಳಿ. ಇಬ್ಬರೂ ಹತ್ತಿರವಿಲ್ಲದಿದ್ದರೆ ಫೋನ್ 139.